ಪಡಸಾಲೆಗೆ ಮುಂದಿನ ಕಾದಂಬರಿ

ಪ್ರೀತಿಯ ಅತ್ತಿಯವರಿಗೆ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ಕನ್ನಡ ಓದಲು ನಿಮಗೆ ಬರುತ್ತಿರಲಿಲ್ಲ. ಈ ಸಲವೂ ನಾನೇ ಓದಿ ಹೇಳುತ್ತಿದ್ದೇನೆ ಅಂದುಕೊಳ್ಳಿ.

ಬೀದರ್ ಕಡೆಯಿಂದ ತೆಲುಗು ಸೀಮೆಯ ಈ ಕಂಗ್ಟಿಗೆ ಮದುವೆಯಾಗಿ ಬಂದ ಹೊಸದರಲ್ಲಿ, ಮಧ್ಯಾಹ್ನ ಪುಸ್ತಕ ಹಿಡಿದು ಒಬ್ಬಳೇ ನಗುತ್ತಿದ್ದೆ. ನೀವು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಿರಿ. ಬೈಯುತ್ತೀರಿ ಅಂದುಕೊಂಡೆ. ಗಟ್ಟಿಯಾಗಿ ಓದು ಅಂದಿರಿ. ಮನೆಮಾತು ಕನ್ನಡವಾದರೂ ಇಲ್ಲಿನ ಶಾಲೆ ತೆಲುಗಿನದು. ಓಣಿಯಲ್ಲಿ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಮೊದಲು ಪಕ್ಕದ ಮನೆಯ ಶಾಂತಮ್ಮ, ಆಮೇಲೆ ಓಣಿಯ ಉಳಿದವರೂ ತಮ್ಮ ತಮ್ಮ ಮೊರ ಹಿಡಿದುಕೊಂಡು ಬಂದು ಕೂತರು.

ನನ್ನ ಮೆಚ್ಚಿನ ಲೇಖಕಿ ಬರೆದದ್ದು ಒಂದೆರಡು ಕಾದಂಬರಿಯೇ? ತವರಿಗೆ ಹೋದಾಗಲೆಲ್ಲ ಹೊತ್ತು ತರುತ್ತಿದ್ದೆ. ಮುಂದೆ ಯಾವುದನ್ನು ಓದಬೇಕೆಂದು ಆರಿಸುವವರು ಮಾತ್ರ ನೀವು. ಪ್ರತಿಯೊಂದರ ಮೊದಲ ಪುಟ ಓದಿಸುತ್ತಿದ್ದಿರಿ. ಅಷ್ಟರೊಳಗೆ ಕಥೆಯಲ್ಲಿ ಯಾರಾದರೂ ಏನಾದರೂ ಕೆಲಸ ಮಾಡಬೇಕು, ನೀರಾದರೂ ಸೇದಬೇಕು. ಇಲ್ಲದಿದ್ದರೆ, "ಈ ಮನ್ಯಾಗ ಇನ್ನಾ ಒಲಿನೇ ಹೊತ್ತಿಲ್ಲ. ಇದು ಬ್ಯಾಡ, ಬ್ಯಾರೆ ತಗಿ." ನನಗೆ ಪ್ರಾಣವಾಗಿದ್ದ ಬಂಗಲೆ, ಕಾರಿನ ಕಾದಂಬರಿಗಳೆಲ್ಲ ಹೀಗೇ ಮೂಲೆ ಸೇರಿದವು. ಎಷ್ಟು ಮುನಿಸಿಕೊಂಡಿದ್ದೆ ಗೊತ್ತೇ? ಆದರೆ ನೀವು ಆರಿಸಿದ್ದನ್ನು ಓದುವಾಗ ಒಬ್ಬರಾದರೂ ನಡುವೆ ಎದ್ದು ಹೋದದ್ದುಂಟೇ?

ನಾರಾಯಣಖೇಡದಿಂದ ಬಂದ ನಿಮ್ಮ ಹಿರಿಯ ನಾದಿನಿ, ಸೊಸೆ ಕೆಲಸ ಬಿಟ್ಟು ಕೂತಿದ್ದಾಳೆಂದು ಕೊಂಕು ಆಡಿದ ದಿನ... ನೀವು ಮೊರದಿಂದ ತಲೆ ಎತ್ತದೆಯೇ ಅಂದಿರಿ,

"ಆಕಿ ಸುಮ್ನ ಕೂತಿಲ್ರಿ. ಓದಲತ್ಯಾಳ. ಅದೂ ಕೆಲ್ಸಾನೇ."

ಅವತ್ತು ನಿಮ್ಮ ಸೊಸೆ ಅನ್ನಿಸಿಕೊಳ್ಳಲು ನನಗಾದ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ನೀವು ಹೋದ ಮೇಲೆ ಓದು ನಿಂತಿತು. ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ, ಯಾವುದನ್ನೂ ಆರಿಸಲು ಧೈರ್ಯ ಸಾಲುತ್ತಿರಲಿಲ್ಲ. ನಾನು ಆರಿಸಿದ್ದು ಓಣಿಯವರಿಗೆ ಹಿಡಿಸದೆ ಒಬ್ಬೊಬ್ಬರೇ ಬರುವುದು ಬಿಟ್ಟರೆ? ನೀವು ಕೂಡಿಸಿದ ಮಂದಿ ನನ್ನಿಂದ ಚದುರಿಹೋದರೆ...

ಈ ಸಲ ತೊಗರಿ ಬಂದಾಗ, ಕರೆಯದಿದ್ದರೂ ಎಲ್ಲರೂ ಮೊರ ಹಿಡಿದು ಬಂದರು. ಇದ್ದ ಕಾದಂಬರಿಗಳ ಮೊದಲ ಪುಟ ಓದಿ, ಅತ್ತಿ ಇದ್ದಿದ್ದರೆ ಯಾವುದು ಅನ್ನುತ್ತಿದ್ದರೋ ಅಂದೆ. ಒಬ್ಬರು ಇದು ಅಂದರು, ಇನ್ನೊಬ್ಬರು ಅದು ಅಂದರು. ಮಾತಿಗೆ ಮಾತು ಬೆಳೆಯಿತು. ಇಷ್ಟು ವರ್ಷ ತುಟಿ ಬಿಚ್ಚದೆ ಕೇಳಿದ ಶಾಂತಮ್ಮ ಮೊರ ಕೆಳಗಿಟ್ಟು, ನೀವು ಬೇಡವೆಂದಿದ್ದ ಬಂಗಲೆಯ ಕಾದಂಬರಿಯನ್ನೇ ತೆಗೆದು ನನ್ನ ಕೈಗಿಟ್ಟರು.

"ಆಕಿಗಿ ಪಸಂದ್ ಇರ್ಲಿಲ್ಲ, ನಂಗ ಗೊತ್ತದ. ನಂಗ ಬೇಕಾಗ್ಯದ. ನೀ ಓದು."

ನಿಮ್ಮ ಪಡಸಾಲೆಯಲ್ಲೇ ಕೂತು ನಿಮ್ಮ ಮಾತು ಮೀರಿದರು ಅತ್ತಿ, ಅದೂ ಒಂದು ಕಾದಂಬರಿಗಾಗಿ. ಎಂಥವರನ್ನು ತಯಾರು ಮಾಡಿ ಹೋಗಿದ್ದೀರಿ ನೋಡಿ! ಈಗ ಅರ್ಧ ಓದಿದ್ದೇವೆ. ಅದರ ಮುಂದಿನದು ಯಾವುದೆಂಬ ಜಗಳ ಆಗಲೇ ಶುರುವಾಗಿದೆ.