ನಿನ್ನ ಕಾದಂಬರಿಯ ಬಗ್ಗೆ ನಡೆದ ಜಗಳ

ಗೆಳತಿ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ನಾನು ಕೆಲಸ ಮಾಡುವ ಗ್ರಂಥಾಲಯದ ಓದುಗರ ಕೂಟದಲ್ಲಿ ನಿನ್ನ ಕಾದಂಬರಿಯ ಚರ್ಚೆ ಇತ್ತು. ತನ್ನನ್ನು ಕೂಡಿಹಾಕಿದವನನ್ನೇ ನಾಯಕಿ ಬಯಸುವ ಅಧ್ಯಾಯದ ಬಗ್ಗೆ ಜಗಳ ಹತ್ತಿಕೊಂಡಿತು.

"ಅವಳು ಬೇಡ ಅಂದ್ಲು, ಅವನು ಬಿಡ್ಲಿಲ್ಲ. ಇದನ್ನ ಓದಿ ಖುಷಿಪಡೋದಾ?" ಎಂದು ನಿವೃತ್ತ ಮೇಷ್ಟ್ರು ಮೇಜು ಕುಟ್ಟಿದರು.

"ಪುಸ್ತಕ ಆದ್ರೆ ಬೇಡ ಅನ್ನಿಸಿದ ಕೂಡ್ಲೇ ಮುಚ್ಚಿಡ್ತೀನಿ ಸಾರ್," ಎಂದರು ನರ್ಸ್ ಒಬ್ಬರು. "ನಾನು ಕಟ್ಟಿಕೊಂಡವನ ಹತ್ರ ಹಾಗೆ ನಿಲ್ಲಿಸೋಕೆ ಆಗ್ಲಿಲ್ಲ."

ಮೇಷ್ಟ್ರು ಮೇಜು ಕುಟ್ಟುವುದನ್ನು ನಿಲ್ಲಿಸಿದರು, ಆದರೆ ಒಪ್ಪಲಿಲ್ಲ.

ನೀನು ಇದೇ ಕಾದಂಬರಿಯ ಹಸ್ತಪ್ರತಿ ತಂದಾಗ ನಾನೂ, "ನಾಚಿಕೆ ಆಗಲ್ವೇನೇ?" ಎಂದು ಅರ್ಧ ಓದಿ ಹಿಂದಿರುಗಿಸಿದ್ದೆ. ಯಾಕೆ ಬರೆದೆ ಎಂದು ಕೇಳಲಿಲ್ಲ. ಆಮೇಲೆ ನೀನು ಬರಲಿಲ್ಲ.

ಕೂಟ ಮುಗಿದ ಮೇಲೆ ನರ್ಸ್ ನನ್ನ ಮೇಜಿನ ಹತ್ತಿರ ಬಂದು, "ಬರೆದವ್ರು ನಿಮಗೆ ಪರಿಚಯ ಇದ್ರಂತೆ, ಹೇಗಿದ್ರು?" ಎಂದು ಕೇಳಿದರು.

"ನನಗೆ ಅಷ್ಟಾಗಿ ಗೊತ್ತಿಲ್ಲ" ಎಂದೆ.