ಹಾಲಮ್ಮನವರ ತಲೆಗೆ ಹೆಲ್ಮೆಟ್ ಸಿಕ್ಕ ವೃತ್ತಾಂತ

ಚಿತ್ರದುರ್ಗ
ಫೆಬ್ರವರಿ ಮೂವತ್ತು, ಇಸವಿ ೨೧೯೪

ಹಿಂದಿನ ಕಾಲದ ಮಾನ್ಯರೇ,

ಚರಿತ್ರೆ ಬರೆಯುವವರು ಪೆನ್ನಿಗೆ ಮಸಿ ತುಂಬಿಸಿಕೊಳ್ಳಲಿ, ಮಂಡಿ ನೋವಿಲ್ಲದವರು ಎದ್ದು ನಿಲ್ಲಲಿ: ನಮ್ಮತ್ತೆ ಹಾಲಮ್ಮನವರ ತಲೆಗೆ ಸರಿಯಾದ ಹೆಲ್ಮೆಟ್ ಇಂದು ಬೆಳಿಗ್ಗೆ ಹನ್ನೊಂದೂಕಾಲಿಗೆ ಸಿಕ್ಕಿತು. ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತೆಂದು ಕೇಳಬೇಡಿ. ರಜೆ ಕೊಟ್ಟರು, ತಗೊಂಡೆವು. ನನ್ನ ಮಾತಿನಲ್ಲಿ ವಿಚಿತ್ರ ಪದಗಳು ಸಿಕ್ಕರೆ ಕ್ಷಮಿಸಿ. ನಿಮ್ಮ ಕಾಲದ ಕಾಗದ ಓದುವಾಗ ನಮ್ಮ ಗತಿಯೂ ಅದೇ.

ನೀವು ಎಲೆಕ್ಟ್ರಿಕ್ ಬೈಕ್ ಅನ್ನುವುದನ್ನು ನಾವು ಮೌನಿ ಅನ್ನುತ್ತೇವೆ. ಸದ್ದಿಲ್ಲ, ಓಟಕ್ಕೇನೂ ಕಮ್ಮಿಯಿಲ್ಲ. ಅದಕ್ಕೇ ಹೆಲ್ಮೆಟ್ ಕೊಳ್ಳುವುದು ನಮ್ಮಲ್ಲಿ ಮದುವೆ ಜವಳಿಯಷ್ಟು ದೊಡ್ಡ ಕೆಲಸ. ಇಡೀ ಮನೆ ತಲೆಯಂಗಡಿಗೆ ಹೋಗುತ್ತದೆ. ಅಂಗಡಿಯಾತ ಜಮಖಾನ ಹಾಸಿ, ಟೀ ಕೊಟ್ಟು, ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ತಲೆಯ ಸುತ್ತ ಟೇಪು ಹಿಡಿಯುತ್ತಾನೆ. ಕೊನೆಗೆ ಅಲುಗುಶಾಸ್ತ್ರ: ಮನೆಯವರೊಬ್ಬರು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಹಣೆಯ ಚರ್ಮವೂ ಜೊತೆಗೆ ಜರುಗಿದರೆ ಪಾಸು, ಹೆಲ್ಮೆಟ್ ಒಂದೇ ತಿರುಗಿದರೆ ಫೇಲು. ಅತ್ತೆಯ ತಲೆ ಅಲ್ಲಾಡಿಸುವ ಹಕ್ಕು ಸೊಸೆಯದು. ಈ ಒಂದು ಹಕ್ಕಿಗಾಗಿ ನಿಮ್ಮ ಕಾಲದ ಎಷ್ಟು ಸೊಸೆಯರು ಇಲ್ಲಿಗೆ ವಲಸೆ ಬರುತ್ತಿದ್ದರೋ.

ಈ ಭಾನುವಾರ ಅತ್ತೆಯ ಓರಗೆಯ ಎಂಟು ಹೆಂಗಸರು ಮೌನಿ ಏರಿ ವಾಣಿವಿಲಾಸ ಸಾಗರಕ್ಕೆ ಹೊರಟಿದ್ದಾರೆ. ಅಂಗಡಿಯ ಮುದ್ರೆಯಿಲ್ಲದ ಹೆಲ್ಮೆಟ್ಟಿಗೆ ಮೌನಿ ಚಾಲೂ ಆಗುವುದಿಲ್ಲ. ಹೆಲ್ಮೆಟ್ ಸಿಗದಿದ್ದರೆ ಅತ್ತೆ ನನ್ನ ಗಂಡ ರುದ್ರೇಶನ ಹಿಂದೆ ಕೂತು ಹೋಗಬೇಕು. ಎಪ್ಪತ್ತೆರಡು ವರ್ಷ ಬೇರೆಯವರ ಬೆನ್ನು ನೋಡಿಕೊಂಡೇ ಊರು ಸುತ್ತಿದ್ದಾಯಿತು, ಇನ್ನು ಹೆತ್ತ ಮಗನ ಬೆನ್ನಾದರೂ ಸರಿ, ನೋಡುವುದಿಲ್ಲ ಎಂದು ಅವರು ಪಟ್ಟು ಹಿಡಿದಿದ್ದರು.

ರುದ್ರೇಶ ಸೀರೆಗೆ ಹೊಂದುವ ಬಣ್ಣ ಹುಡುಕಿದ. ಅತ್ತೆಗೆ ತುರುಬು ಬಿಚ್ಚದೆ ಹಾಕಿಕೊಳ್ಳುವಂಥದ್ದು ಬೇಕಿತ್ತು. ಎರಡೂ ಸೇರಿ ನೇರಳೆ ಬಣ್ಣದ, ದೊಡ್ಡ ಸೈಜಿನ ಒಂದು ಹಂಡೆ ಅವರ ತಲೆ ಏರಿತು. ಅತ್ತೆ ಅನ್ನುವ ಭಯಕ್ಕೆ ನಾನು ಮಾಗಿದ ಪಪ್ಪಾಯಿ ಮುಟ್ಟಿ ನೋಡಿದ ಹಾಗೆ ಅಲ್ಲಾಡಿಸಿದೆ. ಅದು ಕದಲಲಿಲ್ಲ. ಅಂಗಡಿಯಾತ ಮುದ್ರೆ ಎತ್ತಿದ. ನಮ್ಮೂರಲ್ಲಿ ಹಿರಿಯರ ಸಡಿಲ ಹೆಲ್ಮೆಟ್ಟುಗಳೆಲ್ಲ ಪಾಸಾಗುವುದು ಹೀಗೇ, ಮರ್ಯಾದೆಯಿಂದ.

ಅತ್ತೆ ಅವನ ಕೈ ತಡೆದರು. “ಶಿವಲೀಲಾ, ರಸ್ತೆ ನಿನ್ನಂಗೆ ಮರ್ಯಾದೆ ನೋಡಲ್ಲ ಕಣೆ. ಹನ್ನೊಂದು ವರ್ಷದ ಸಿಟ್ಟು ಎಲ್ಲಿ ಮಡಗಿದೀಯೋ ತೆಗಿ. ಅಷ್ಟೂ ಹಾಕಿ ಅಲ್ಲಾಡ್ಸು.”

ತೆಗೆದೆ. ಅಷ್ಟೊಂದಿದೆ ಅಂತ ನನಗೂ ಗೊತ್ತಿರಲಿಲ್ಲ. ಹೆಲ್ಮೆಟ್ ಗಿರ್ರನೆ ತಿರುಗಿ ಹಿಂಭಾಗ ಮುಂದೆ ಬಂತು. “ಅಂದ್ಕಂಡೆ, ಇದ್ದೇ ಇರುತ್ತೆ ಅಂತ,” ಎಂದು ಒಳಗಿನಿಂದ ಸಮಾಧಾನದ ದನಿ ಕೇಳಿಸಿತು.

ಆಮೇಲೆ ಅತ್ತೆ ಯಾರೂ ಹೇಳದೆಯೇ ಪಿನ್ನು ಕಿತ್ತು, ತುರುಬು ಬಿಚ್ಚಿ, ಕತ್ತಿನ ಕೆಳಗೆ ಜಡೆ ಹೆಣೆದುಕೊಂಡರು. ಒಂದು ಸೈಜು ಚಿಕ್ಕದು ಹಾಕಿ, ಪಟ್ಟಿ ಬಿಗಿದು, ತಲೆ ಒಡ್ಡಿದರು. ಉಳಿದಿದ್ದ ಸಿಟ್ಟನ್ನೆಲ್ಲ ಸುರಿದೆ. ಹಣೆ ಜರುಗಿತು, ಕೆನ್ನೆ ಜರುಗಿತು, ಮೂಗುಬೊಟ್ಟು ನಡುಗಿತು, ಹೆಲ್ಮೆಟ್ ಮಾತ್ರ ಒಂಟಿಯಾಗಿ ತಿರುಗಲಿಲ್ಲ. ಮುದ್ರೆ ಬಿತ್ತು. ಅಂಗಡಿಯೆಲ್ಲ ಚಪ್ಪಾಳೆ. ನಾನು ಕೈ ಉಜ್ಜಿಕೊಳ್ಳುವಷ್ಟರಲ್ಲಿ ಅತ್ತೆ ಮೌನಿ ಏರಿ ಕೋಟೆ ರಸ್ತೆಯ ತಿರುವು ದಾಟಿಯಾಗಿತ್ತು. ರುದ್ರೇಶ ತನ್ನ ಗಾಡಿಯಲ್ಲಿ ಹಿಂದೆಯೇ ಓಡಿಸಿದ. ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಅಮ್ಮನ ಬೆನ್ನು.

ನಿಮ್ಮಿಂದ ಒಂದು ಸಣ್ಣ ಉಪಕಾರವಾಗಬೇಕು. ನಾಳೆ ಗಾಡಿ ಹತ್ತುವ ಮುಂಚೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ನಿಮ್ಮ ಮೇಲೆ ಸ್ವಲ್ಪ ಸಿಟ್ಟಿರುವವರನ್ನು ಕರೆದು ಒಮ್ಮೆ ಅಲ್ಲಾಡಿಸಲು ಹೇಳಿ. ಮನೆಯಲ್ಲೇ ಯಾರಾದರೂ ಸಿಗುತ್ತಾರೆ.

ಇತಿ,
ಕೈ ಹಗುರವಾದ ಸೊಸೆ
ಶಿವಲೀಲಾ