ಕಾರಿಗಿ ರಾಜದೂತ್ ನಂಬರ್

ಮೌನಪ್ಪ,

ಎದ್ದ ಕೂಡ್ಲೇ ಅಂಗಳದಾಗ ಕಾರಿಲ್ಲಂತ ಓಣಿ ತುಂಬ ಒದರಬ್ಯಾಡ. ಕಳ್ಳರು ಒಯ್ದಿಲ್ಲ, ನಾನೇ ಒಯ್ದೀನಿ.

ನಿಮ್ಮಣ್ಣ ತೀರಿಕೊಂಡ ಮ್ಯಾಲ ಕರ್ನೂಲಿನಿಂದ ನಾ ತಂದ ಅವರ ಕಾರು ಅದು. ಆಂಧ್ರ ನಂಬರ್ ಬದಲಿ ಮಾಡಿಸಿಕೊಂಡು ಬರ್ತೀನಿ ಅತ್ತಿಗಿ ಅಂದಿ. ಮಾಡಿದ್ದೇನು? ಎಂದೋ ಮಾರಿದ ನಿನ್ನ ರಾಜದೂತ್ ಮೋಟರ್‌ಸೈಕಲ್ ನಂಬರ್ ಕಾರಿಗಿ ಬರಿಸಿದಿ! ನಂಬರಂದ್ರ ಹೆಗಲಿನ ಟವಲ್ಲೇನು, ಒಂದರ ಮ್ಯಾಲಿಂದ ತಗದು ಇನ್ನೊಂದರ ಮ್ಯಾಲ ಹಾಕಾಕ? ಮಾನ್ವಿ ಪೊಲೀಸರು ಹಿಡಿದಾಗರ ಬುದ್ಧಿ ಬರಬೇಕಿತ್ತು. ಹೆಣ್ಮಕ್ಕಳಿಗಿ ಕಾರು ಎಲ್ಲೀದು, ಅದು ನಂದೇ ಅಂತ ಅಲ್ಲಿ ಬ್ಯಾರೆ ಹೇಳಿದಿ. ಕಡೀಕಿ ಬಿಡಿಸಿಕೊಂಡು ಬಂದಾಕಿ ನಾನು.

ನಿನ್ನ ಲೈಸೆನ್ಸ್ ಬರೇ ಮೋಟರ್‌ಸೈಕಲ್ಲಿಂದು. ನಂದು ಕಾರಿಂದು, ನಿಮ್ಮಣ್ಣನೇ ಕಲಿಸಿ ಕೊಡಿಸಿದ್ದು. ನೀ ಯಾರಿಗರ ಗುದ್ದಿದ್ರ ಇನ್ಶೂರೆನ್ಸ್‌ನವರು ತಿರುಗಿ ನೋಡತಿದ್ರೇನು?

ನೀ ಬರಿಸಿದ್ದು ಸೀಮಿಎಣ್ಣಿ ಹಚ್ಚಿ ಒರಸಿ, ಹಳೇ ನಂಬರ್ ಬರಿಸೀನಿ. ಕರ್ನೂಲಿನ ಆರ್‌ಟಿಓ ಆಫೀಸಿನಾಗ ತಕರಾರಿಲ್ಲ ಅನ್ನೋ ಪತ್ರ ತೊಗೊಂಡು ಬಂದು, ರಾಯಚೂರಿನಾಗ ಕಾರು, ಇನ್ಶೂರೆನ್ಸ್ ಎರಡೂ ನನ್ನ ಹೆಸರಿಗಿ ಮಾಡಿಸ್ತೀನಿ. ಲೈಸೆನ್ಸಿಗೂ ಇದೇ ಮನಿ ವಿಳಾಸ ಹಾಕಿಸ್ತೀನಿ.

ಎಮ್ಮಿಗಿ ಮೇವು ಹಾಕು. ಜಾಲಹಳ್ಳಿಯವರು ಬಾಡಿಗಿಗಿ ಕೇಳಾಕ ಬಂದ್ರ, ಕಾರು ನಿಂದಲ್ಲಂತ ನಿನ್ನ ಬಾಯಿಲೇ ಹೇಳು.

ಚಾ ಯಾಕಾಗಿಲ್ಲ ಅಂತ ಅಡಗಿಮನಿ ಕಡಿ ಮಾರಿ ಮಾಡಿ ಕೂಗಬ್ಯಾಡ. ನಿನ್ನ ಹೆಂಡ್ತಿ ದುರುಗಮ್ಮನೂ ನನ್ನ ಕೂಡ ಹೊಂಟಾಳ. ಆಗಲೇ ಹೋಗಿ ಕಾರಿನ ಮುಂದಿನ ಸೀಟಿನಾಗ ಕುಂತಾಳ. ನೀ ಒಂದ್ ಸರ್ತಿನೂ ಆಕಿನ್ನ ಅಲ್ಲಿ ಕುಂಡ್ರಿಸಿರಲಿಲ್ಲಂತ.

ಯಮನಮ್ಮ